ಬಲಗಿವಿಯಲ್ಲಿ ಅಪ್ಪ

ಮೊದಲ ಟೇಕಿನಲ್ಲಿ ದೊಡ್ಡೋರು ಬಾಯಿಯೇ ತೆರೆಯಲಿಲ್ಲ.

ಕ್ಯಾಮೆರಾ ಓಡುತ್ತಿತ್ತು. ಫ್ಯಾನು ನಿಲ್ಲಿಸಿ, ಕಿಟಕಿಗಳಿಗೆ ಹಳೆಯ ಜಮಖಾನ ಇಳಿಬಿಟ್ಟು, ಹದಿನಾಲ್ಕು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಫ್ರಿಜ್ಜಿನ ಗುರುಗುಟ್ಟುವಿಕೆ ಕೇಳಬಾರದೆಂದು ಅದನ್ನೂ ಆರಿಸಿದ್ದಾಗಿತ್ತು. ಸಂಜೆ ಮತ್ತೆ ಹಾಕುವುದು ಮರೆಯದಿರಲಿ ಎಂದು ಕಿವಿಯಮ್ಮ ತನ್ನ ಸ್ಕೂಟರಿನ ಕೀಲಿಕೈಯನ್ನು ಅದರೊಳಗೇ ಇಟ್ಟಿದ್ದಳು. ಕಿವಿಯಮ್ಮ ಎನ್ನುವುದು ಚಿತ್ರತಂಡ ಇಟ್ಟ ಹೆಸರು. ಧ್ವನಿ ಮುದ್ರಿಸುವುದು ಅವಳ ಕೆಲಸ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಯಂತ್ರ ಇಟ್ಟುಕೊಂಡು, ಹೆಡ್‌ಫೋನಿನಲ್ಲಿ ದೊಡ್ಡೋರ ಗಂಜಿ ಹಾಕಿದ ಅಂಗಿ ಸರಬರ ಎನ್ನುವುದನ್ನು ಕೇಳುತ್ತಿದ್ದಳು.

ದೊಡ್ಡೋರು ಹೊಸ್ತಿಲ ಮೇಲೆ ನಿಂತು ನಿರ್ದೇಶಕಿಯ ಮುಖ ನೋಡಿದರು.

"ಹೇಳ್ರಮ್ಮ."

"ಏನು ಸರ್?"

"ಮಾತು. ಡೈಲಾಗು. ನೀವು ಹೇಳಿ, ನಾನು ಹೇಳ್ತೀನಿ."

ಮೂವತ್ತು ವರ್ಷದಿಂದ ದೊಡ್ಡ ಸಿನಿಮಾಗಳಲ್ಲಿ ಅವರು ನಟಿಸಿದ್ದೇ ಹಾಗಂತೆ. ಕ್ಯಾಮೆರಾದ ಪಕ್ಕ ಒಬ್ಬ ಕಾಗದ ಹಿಡಿದು ಮಾತನ್ನು ಕೂಗುತ್ತಾನೆ, ಇವರು ಅದನ್ನು ಹಿಂದೆಯೇ ಹೇಳುತ್ತಾರೆ. ನಡುವೆ ಲಾರಿ ಹಾರನ್ನು ಹೊಡೆದರೂ ಚಿಂತೆಯಿಲ್ಲ. ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಕೂತು ಎಲ್ಲವನ್ನೂ ಹೊಸದಾಗಿ ಮಾತಾಡಿ ಕೂರಿಸುತ್ತಾರೆ. ಈ ಸಣ್ಣ ಚಿತ್ರಕ್ಕೆ ಡಬ್ಬಿಂಗ್ ಇರಲಿಲ್ಲ. ಇಲ್ಲಿ ಬಾಯಿಂದ ಬಂದದ್ದೇ ಚಿತ್ರದ ಮಾತು. ಅದೊಂದು ವಿಷಯದಲ್ಲಿ ನಿರ್ದೇಶಕಿ ಮೊದಲ ದಿನದಿಂದ ಹಟ ಹಿಡಿದಿದ್ದಳು.

ದೊಡ್ಡೋರನ್ನು ಒಪ್ಪಿಸಲು ಅವಳೂ ಅವಳಣ್ಣನೂ ಐದು ಸಲ ಅವರ ಮನೆಗೆ ಹೋಗಿದ್ದರು. ಅಣ್ಣ ಬಣ್ಣದ ಅಂಗಡಿಯವನು. ಚಿತ್ರದ ನಿರ್ಮಾಪಕನೂ ಅವನೇ. ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಕಡೆಯಿಂದ ಮುಖ ಹಿಡಿದರೆ ಇಷ್ಟ, ಕಾಫಿಗೆ ಸಕ್ಕರೆ ಎಷ್ಟು, ಎಲ್ಲವನ್ನೂ ಕೇಳಿ ಬರೆದುಕೊಂಡು ಬಂದಿದ್ದರು. ಮಾತು ಬಾಯಿಪಾಠ ಮಾಡುತ್ತೀರಾ ಎಂದು ಮಾತ್ರ ಕೇಳಿರಲಿಲ್ಲ.

"ಅಷ್ಟು ದೊಡ್ಡ ನಟನನ್ನ ಅದನ್ನ ಹೇಗೆ ಕೇಳೋದು?" ಅಂದ ಅಣ್ಣ, ಮಧ್ಯಾಹ್ನ, ಹಿತ್ತಲಲ್ಲಿ. "ಈಜು ಬರುತ್ತಾ ಅಂತ ಮೀನನ್ನ ಕೇಳಿದ ಹಾಗೆ."

"ಮೀನು ಮುಳುಗ್ತಾ ಇದೆಯಲ್ಲ ಅಣ್ಣ," ಅಂದಳು ಕಿವಿಯಮ್ಮ.

ಯಾರೂ ನಗಲಿಲ್ಲ. ಅವಳೂ ನಗಿಸಲೆಂದು ಹೇಳಿರಲಿಲ್ಲ. ಆ ಹೊಸ್ತಿಲ ಮೇಲೆ ನಿಂತು ಆಡಬೇಕಿದ್ದ ಮೊದಲ ಮಾತು ಮೂರೇ ಪದ: "ಚಪ್ಪಲಿ ಇಲ್ಲೇ ಬಿಡ್ಲಾ?" ಕಬ್ಬಿಣ ಕಡೆಯುವ ಲೇತು ಅಂಗಡಿಯ ಮುದುಕನೊಬ್ಬ ಒಂಬತ್ತು ವರ್ಷದ ಮೇಲೆ ಮಗಳ ಮನೆಗೆ ಬಂದು ಕೇಳುವ ಮಾತು. ಆ ಮೂರು ಪದಕ್ಕೆ ಕಿವಿಯಮ್ಮನ ಅಪ್ಪ ಮೂರು ವಾರ ತೆಗೆದುಕೊಂಡಿದ್ದರು.

ಹೌದು, ಪಾತ್ರ ಅಪ್ಪನದಾಗಿತ್ತು.

ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಪ್ರಾಯದಲ್ಲಿ ರಜಾದಿನ ಬಂದರೆ ಹವ್ಯಾಸಿ ನಾಟಕ. ನಿರ್ದೇಶಕಿ ಕಾಲೇಜಿನ ದಿನಗಳಿಂದ ಮನೆಗೆ ಬಂದುಹೋಗುತ್ತಿದ್ದ ಗೆಳತಿ. ಅಪ್ಪನನ್ನು ನೋಡಿಕೊಂಡೇ ಪಾತ್ರ ಬರೆದದ್ದು ಎಂದು ಅವಳೇ ಹೇಳಿದ್ದಳು. ಐದು ತಿಂಗಳು ಮನೆಯ ಮುಂದಿನ ಕೋಣೆಯಲ್ಲಿ ತಾಲೀಮು. ಅಪ್ಪ ಲೇತು ಅಂಗಡಿಯೊಂದರಲ್ಲಿ ಎಂಟು ದಿನ ಕೂತು ಬಂದು, ಅಲ್ಲಿಯ ಯಜಮಾನ ಮಾತಾಡುವ ಮುಂಚೆ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುವುದನ್ನು ಕಲಿತಿದ್ದರು. ಊಟಕ್ಕೆ ಕೂತರೂ ಬೆರಳು ಉಜ್ಜುತ್ತಿದ್ದರು. "ತಟ್ಟೇಲಿ ಕಬ್ಬಿಣದ ಪುಡಿ ಬಿದ್ದೀತು," ಎಂದು ಅಮ್ಮ ಗೊಣಗುತ್ತಿದ್ದಳು.

ಆಮೇಲೆ ಚಿತ್ರಮಂದಿರದವರು ಅಂದರಂತೆ: ಗೊತ್ತಿರೋ ಮುಖ ಒಂದೂ ಇಲ್ಲದಿದ್ದರೆ ಒಂದು ಆಟವನ್ನೂ ಕೊಡೋದಿಲ್ಲ. ದೊಡ್ಡೋರು ನಾಲ್ಕು ದಿನ ಕೊಟ್ಟರು. ಆ ಸುದ್ದಿ ಹೇಳಲು ನಿರ್ದೇಶಕಿ ಬರಲಿಲ್ಲ. ಅವಳಣ್ಣ ಬಂದ, ಹಣ್ಣಿನ ಬುಟ್ಟಿ ಹಿಡಿದುಕೊಂಡು. ಅಪ್ಪ ಅವನಿಗೆ ಕಾಫಿ ಕೊಡಿಸಿ, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು ಬಂದರು. ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಹಣ್ಣು ಕೊಳೆತು ನೊಣ ಮುತ್ತಿದ ದಿನ ಅಮ್ಮ ಅದನ್ನು ಬುಟ್ಟಿಸಮೇತ ಬೀದಿ ತೊಟ್ಟಿಗೆ ಹಾಕಿ, ಕೈ ತೊಳೆದಳು.

"ನಾನೂ ಬಿಡ್ತೀನಿ," ಅಂದಿದ್ದಳು ಕಿವಿಯಮ್ಮ.

"ನೀನ್ಯಾಕೆ ಬಿಡ್ತೀಯ? ನನ್ನ ದೆಸೆಯಿಂದ ಮಗಳ ಕೆಲಸ ಹೋಯ್ತು ಅಂದ್ರೆ ನಾನು ಇನ್ನೂ ಸಣ್ಣವನಾಗ್ತೀನಿ. ಹೋಗು."

ಹೋದಳು.

ಮೊದಲ ದಿನ ಹಾಗೇ ಹಾಳಾಯಿತು. ಅಸೋಸಿಯೇಟ್ ಡೈರೆಕ್ಟರ್ ಕೂಗಿದ, ದೊಡ್ಡೋರು ಹೇಳಿದರು. ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಕಸವಾಯಿತು. ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು ಹಿಡಿದರೆ, ಕನ್ನಡಕ ಇಲ್ಲದೆ ಅವರಿಗೆ ಕಾಣಿಸಲಿಲ್ಲ. ಸಂಜೆ ನಿರ್ದೇಶಕಿ ಗೋಡೆಗೆ ತಲೆಯಾನಿಸಿ ಕೂತುಬಿಟ್ಟಳು. ಆಗ ಕಿವಿಯಮ್ಮನ ಬಾಯಿಂದಲೇ ಆ ಮಾತು ಹೊರಬಿತ್ತು.

"ಕಿವಿಯೊಳಗೆ ಕೂರೋ ಸಣ್ಣ ಸ್ಪೀಕರ್ ಇದೆ. ಇನ್ನೊಂದು ಕೋಣೇಲಿ ಕೂತು ಮೈಕಿನಲ್ಲಿ ಹೇಳಿದ್ರೆ ಅವರಿಗೆ ಮಾತ್ರ ಕೇಳಿಸುತ್ತೆ."

ಹೇಳಿದ ಮರುಗಳಿಗೆಯೇ ಅವಳಿಗೆ ತನ್ನ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಚಿತ್ರ ನಿಂತು, ದೊಡ್ಡೋರು ಮನೆಗೆ ಹೋಗಿ, ಎಲ್ಲ ಬಿದ್ದುಹೋಗುತ್ತಿತ್ತು. ಆದರೆ ಕೆಟ್ಟ ಧ್ವನಿ ಕೇಳಿದರೆ ಅದನ್ನು ಸರಿಮಾಡದೆ ಇರಲಾರದ ರೋಗ ಅವಳಿಗಿತ್ತು. ಕರಡು ತಿದ್ದುವವನ ಮಗಳು.

ಎರಡನೆಯ ದಿನ ಅಸೋಸಿಯೇಟ್ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಕೂತು ಓದಿದ. ಅವನು ಬಸ್ ನಿಲ್ದಾಣದಲ್ಲಿ ಗಾಡಿ ಹೊರಡುವ ಹೊತ್ತು ಕೂಗಿದ ಹಾಗೆ ಓದಿದ; ದೊಡ್ಡೋರೂ ಹಾಗೇ ಹೇಳಿದರು. ಅವರ ಬಾಯಿಗೆ ಕೊಟ್ಟದ್ದು ಹೇಗಿರುತ್ತದೋ ಹಾಗೇ ಹೊರಗೆ ಬರುತ್ತಿತ್ತು. ಅದೊಂದು ವಿದ್ಯೆಯೇ. ದೊಡ್ಡೋರು ಕಿವಿಯಿಂದ ಸ್ಪೀಕರ್ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡರು.

"ಇವನು ಹೀಗೆ ಒದರಿದ್ರೆ ನಾನೇನಮ್ಮ ಮಾಡ್ಲಿ? ಜೀವ ಇರೋರು ಯಾರಾದ್ರೂ ಓದ್ಲಿ. ಮಾತು ಗೊತ್ತಿರೋರು."

ನಿರ್ದೇಶಕಿ ಮೆಲ್ಲಗೆ ತಿರುಗಿ ಕಿವಿಯಮ್ಮನ ಕಡೆ ನೋಡಿದಳು.

"ಬೇಡ," ಅಂದಳು ಕಿವಿಯಮ್ಮ.

"ನಾನಿನ್ನೂ ಏನೂ ಕೇಳಿಲ್ಲ ಕಣೇ."

"ಕೇಳಲೂ ಬೇಡ. ನಾಚಿಕೆ ಇದೆಯಾ ನಿಂಗೆ? ನಮ್ಮನೆಯಲ್ಲಿ ಕೂತು ಉಂಡವಳು ನೀನು. ಬೇಡ ಅಂತ ಹೇಳೋಕೆ ನಿನ್ನ ಕಾಲು ನಮ್ಮ ಹೊಸ್ತಿಲು ತುಳೀಲಿಲ್ಲ. ಈಗ ಬೇಕು ಅನ್ನೋಕೆ ಬಾಯಿ ಬರುತ್ತಾ?"

"ಚಿತ್ರ ಮುಳುಗುತ್ತೆ."

"ಮುಳುಗಲಿ."

"ನಿಮ್ಮಪ್ಪನಿಗೋಸ್ಕರ ಬರೆದ ಚಿತ್ರ ಕಣೇ ಇದು."

"ಆ ಮಾತನ್ನ ಇನ್ನೊಂದು ಸಲ ಆಡಿದ್ರೆ ಈ ಯಂತ್ರ ಎತ್ತಿ ನಿನ್ನ ತಲೆ ಮೇಲೆ ಹಾಕ್ತೀನಿ."

ನಿರ್ದೇಶಕಿ ಆಡಲಿಲ್ಲ. ಸಂಜೆ ಕಿವಿಯಮ್ಮನ ಕಣ್ಣು ತಪ್ಪಿಸಿ ಅವಳ ಮನೆಗೇ ಫೋನು ಮಾಡಿದಳು.

ಮೂರನೆಯ ದಿನ ಬೆಳಿಗ್ಗೆ ಕಿವಿಯಮ್ಮ ವೈರುಗಳ ಚೀಲ ಹೊತ್ತು ಗೇಟು ದೂಡಿದರೆ, ಮೆಟ್ಟಿಲ ಮೇಲೆ ಅಪ್ಪ. ಇಸ್ತ್ರಿ ಮಾಡಿದ ನೀಲಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಮಾತುಗಳನ್ನು ಬರೆದುಕೊಂಡಿದ್ದ ಅದೇ ರಟ್ಟಿನ ಪುಸ್ತಕ.

"ಯಾಕೆ ಬಂದ್ರಿ ಅಪ್ಪ?" ಅವಳು ಚೀಲ ಕೆಳಗಿಳಿಸಿದಳು. "ನಿಮ್ಮನ್ನ ಕಸದ ಹಾಗೆ ಎಸೆದವರ ಮನೆ ಬಾಗಿಲಿಗೆ!"

"ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ಎಲ್ಲರೂ ಕೇಳಲಿ."

ಅಪ್ಪ ಬೆರಳು ಉಜ್ಜಿದರು. "ಆ ಮುದುಕನ ಜೊತೆ ಐದು ತಿಂಗಳು ಸಂಸಾರ ಮಾಡಿದ್ದೀನಿ ಕಣಮ್ಮ. ಯಾರ ಬಾಯಲ್ಲಾದ್ರೂ ಸರಿ, ಅವನು ನೆಟ್ಟಗೆ ಮಾತಾಡ್ಲಿ."

ಸಿಟ್ಟು ಬಂದದ್ದು ಯಾರ ಮೇಲೆ ಎನ್ನುವುದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯಲಿಲ್ಲ.

ಉಗ್ರಾಣದಲ್ಲಿ ಖಾಲಿ ಡಬ್ಬಗಳ ನಡುವೆ ಕುರ್ಚಿ ಹಾಕಿ, ಅಪ್ಪನ ಅಂಗಿಯ ಎರಡನೆಯ ಗುಂಡಿಯ ಹತ್ತಿರ ಮೈಕು ಸಿಕ್ಕಿಸಿದಳು. ಈ ಚಿತ್ರಕ್ಕಾಗಿ ಅಪ್ಪನಿಗೆ ಮೈಕು ಸಿಕ್ಕಿಸುವ ದಿನವನ್ನು ಎಷ್ಟು ಸಲ ಮನಸ್ಸಿನಲ್ಲಿ ಕಂಡಿದ್ದಳು! ಈಗ ಕ್ಲಿಪ್ಪು ಎರಡು ಸಲ ಜಾರಿತು. ಅಪ್ಪ ಅಂಗಿಯ ಅಂಚನ್ನು ಬಿಗಿಹಿಡಿದು ಕೊಟ್ಟರು. ಚಿತ್ರೀಕರಣ ಕಾಣುವ ಹಾಗೆ ಒಂದು ಸಣ್ಣ ಮಾನಿಟರ್ ಅವರ ಮುಂದಿತ್ತು.

ಅವಳ ಹೆಡ್‌ಫೋನಿನಲ್ಲಿ ಎಡಗಿವಿಗೆ ದೊಡ್ಡೋರು, ಬಲಗಿವಿಗೆ ಅಪ್ಪ.

ಬಲಗಿವಿಯಲ್ಲಿ ಮೊದಲು ಒಂದು ಉಸಿರು ಕೇಳಿತು. ಆಮೇಲೆ, "ಚಪ್ಪಲಿ... ಇಲ್ಲೇ ಬಿಡ್ಲಾ?" ಅರ್ಧ ಸೆಕೆಂಡು ಬಿಟ್ಟು ಎಡಗಿವಿಯಲ್ಲಿ ಅದೇ ಉಸಿರು, ಅದೇ ತಡವರಿಕೆ, ಅದೇ ಮೂರು ಪದ, ದೊಡ್ಡೋರ ಭಾರಿ ಗಂಟಲಿನಲ್ಲಿ. ಅಪ್ಪ ಗಂಟಲು ಸರಿಮಾಡಿಕೊಂಡರೆ ದೊಡ್ಡೋರೂ ಗಂಟಲು ಸರಿಮಾಡಿಕೊಂಡರು. ಕ್ಯಾಮೆರಾದವನು ಹುಬ್ಬು ಹಾರಿಸಿದ. ನಿರ್ದೇಶಕಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮಗಳ ಪಾತ್ರದ ಹುಡುಗಿಗೆ ನಿಜವಾಗಿಯೂ ಕಣ್ಣೀರು ಬಂತು.

ಕಟ್ ಅಂದಕೂಡಲೇ ಚಪ್ಪಾಳೆ. ಎಲ್ಲರೂ ದೊಡ್ಡೋರ ಕಡೆ ತಿರುಗಿದ್ದರು. ಉಗ್ರಾಣದ ಬಾಗಿಲು ಮುಚ್ಚಿಯೇ ಇತ್ತು.

ಮಧ್ಯಾಹ್ನ ದೊಡ್ಡೋರು ಬಹಳ ಖುಷಿಯಲ್ಲಿದ್ದರು. ಕೆಟ್ಟವರಲ್ಲ ಅವರು, ಲೈಟಿನವರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಮಗಳ ಪಾತ್ರದ ಹುಡುಗಿಗೆ ತಮ್ಮ ಕುರ್ಚಿ ಬಿಟ್ಟುಕೊಡುತ್ತಿದ್ದರು. ಅಪ್ಪನನ್ನು ಕರೆಸಿ ಬೆನ್ನು ತಟ್ಟಿದರು.

"ಎಷ್ಟು ಚೆನ್ನಾಗಿ ಓದ್ತೀರ್ರೀ! ಯಾವ ನಾಟಕ ಕಂಪನಿಯಲ್ಲಿದ್ರಿ?"

"ಮುದ್ರಣಾಲಯದಲ್ಲಿ," ಅಂದರು ಅಪ್ಪ.

"ಭೇಷ್. ನಮ್ಮ ಜೊತೆಗೇ ಬಂದ್ಬಿಡಿ. ಮುಂದಿನ ಪಿಕ್ಚರ್‌ಗೆಲ್ಲ ನೀವೇ ಓದಿ. ಈ ವಯಸ್ಸಲ್ಲಿ ಮನೇಲಿ ಕೂತು ಏನ್ಮಾಡ್ತೀರ?"

ಅಪ್ಪ ನಕ್ಕರು. ಕಿವಿಯಮ್ಮ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಎಲ್ಲರೂ ತಿರುಗಿದರು.

"ಇದ್ಯಾರು ಈಕೆ? ಬಲು ಖಾರ," ಅಂದರು ದೊಡ್ಡೋರು.

"ನನ್ನ ಮಗಳು," ಅಂದರು ಅಪ್ಪ.

ಸಂಜೆ ದೊಡ್ಡೋರ ಮ್ಯಾನೇಜರ್ ಅವಳ ಸ್ಟೂಲಿನ ಹತ್ತಿರ ಬಂದ. "ಮೇಡಂ, ಅದೊಂದು ಎರಡನೇ ಟ್ರ್ಯಾಕ್ ಇದೆಯಂತಲ್ಲ, ಓದಿದ್ದು. ಅದನ್ನ ದಿನದಿನಾ ಅಳಿಸಿಬಿಡಿ. ನಾಳೆ ಎಲ್ಲಾದ್ರೂ ಹೊರಗೆ ಹೋದ್ರೆ ಸಾಹೇಬರ ಮರ್ಯಾದೆ ಪ್ರಶ್ನೆ."

ಅವಳು ನಿರ್ದೇಶಕಿಯನ್ನು ನೋಡಿದಳು. ನಿರ್ದೇಶಕಿ ನೆಲ ನೋಡಿದಳು. "ಅಳಿಸಿಬಿಡೇ. ನಮ್ಗೇನೂ ಅದು ಬೇಕಾಗಲ್ಲವಲ್ಲ."

ಮ್ಯಾನೇಜರ್ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಹಾಗೇ ಅವಳು ಗುಂಡಿ ಒತ್ತಿದಳು. ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದಳು. ಅಪ್ಪನ ಇಡೀ ದಿನ, ಉಸಿರು, ತಡವರಿಕೆ, ಚಪ್ಪಲಿ, ಒಂದು ಕ್ಷಣದಲ್ಲಿ ಹೋಯಿತು. ಸ್ಕೂಟರಿನ ಹಿಂದೆ ಅಪ್ಪನನ್ನು ಕೂರಿಸಿಕೊಂಡು ಮನೆಗೆ ಹೋಗುವಾಗ ಅವಳು ಮುಂದಿದ್ದ ಕಾರಿಗೆ ಸುಮ್ಮಸುಮ್ಮನೆ ಹಾರನ್ನು ಬಾರಿಸಿದಳು.

ನಾಲ್ಕನೆಯ ದಿನ ಊಟದ ಮೇಜಿನ ದೃಶ್ಯ. ಚಿತ್ರವೆಲ್ಲ ಅದಕ್ಕಾಗಿಯೇ ಇತ್ತು. ಎಂಟು ನಿಮಿಷ, ಒಂದೇ ಟೇಕ್. ಮಗಳು ಬಡಿಸುತ್ತಾಳೆ; ಮುದುಕ ಲೇತಿನ ವಿಷಯ, ಬೆಲ್ಟಿನ ವಿಷಯ, ಮಂಡಿನೋವಿನ ವಿಷಯ ಮಾತಾಡುತ್ತಾನೆ; ಕಡೆಗೆ ತುತ್ತು ಕೈಯಲ್ಲಿ ಹಿಡಿದು ಹೇಳುತ್ತಾನೆ: "ನೀನು ಬಿಟ್ಟು ಹೋಗಲಿಲ್ಲಮ್ಮ. ಬಾಗಿಲು ಹಾಕಿದ್ದು ನಾನು."

ಏಳು ನಿಮಿಷ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಬಲಗಿವಿ ಮುಂದೆ, ಎಡಗಿವಿ ಹಿಂದೆ. ಮಂಡಿನೋವು ಮುಗಿಯಿತು. ದೊಡ್ಡೋರು ತುತ್ತು ಎತ್ತಿದರು, ಕಾದರು.

ಬಲಗಿವಿಯಲ್ಲಿ ಏನೂ ಬರಲಿಲ್ಲ.

ಅವಳು ಯಂತ್ರ ನೋಡಿದಳು. ಸಂಪರ್ಕ ಸರಿಯಾಗಿಯೇ ಇತ್ತು. ಅಪ್ಪನ ಉಸಿರಿಗೆ ಮುಳ್ಳು ಕದಲುತ್ತಿತ್ತು. ಹತ್ತು ಸೆಕೆಂಡು. ಇಪ್ಪತ್ತು. ದೊಡ್ಡೋರ ಕಣ್ಣು ಬಾಗಿಲ ಕಡೆ ಹರಿಯಿತು, ಮೇಜಿಗೆ ಬಂತು, ಹುಡುಗಿಯ ಮುಖಕ್ಕೆ ಹೋಯಿತು. ಹಣೆಯ ಮೇಲೆ ಬೆವರು ಮೂಡಿತು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ದೃಶ್ಯದ ನಡುವೆ ಆ ಬಾಯಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ಕೈಯಲ್ಲಿದ್ದ ತುತ್ತು ನಡುಗಿ, ಜಾರಿ, ತಟ್ಟೆಗೆ ಬಿತ್ತು.

"ಕಟ್!" ನಿರ್ದೇಶಕಿ ಕಿರುಚಿದಳು. "ಸರ್! ಅಯ್ಯೋ ಸರ್! ಆ ಮಾತೇ ಬೇಡ! ಹೀಗೇ ಇರ್ಲಿ! ಇಂಥ ನಟನೆ ನಾನು ನನ್ನ ಜನ್ಮದಲ್ಲಿ ನೋಡಿಲ್ಲ!"

ಚಪ್ಪಾಳೆ ಸಿಡಿಯಿತು. ಅವಳಣ್ಣ ಕಣ್ಣೊರೆಸಿಕೊಳ್ಳುತ್ತಿದ್ದ. ಕ್ಯಾಮೆರಾದವನು ದೊಡ್ಡೋರ ಕಾಲಿಗೆ ಬಿದ್ದ. ದೊಡ್ಡೋರು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ ಸುತ್ತ ನೋಡಿದರು. ಆಮೇಲೆ ಮುಖ ನೆಟ್ಟಗಾಯಿತು.

"ಅದು... ಹಾಗೇ ಒಳಗಿಂದ ಬಂತಮ್ಮ," ಅಂದರು.

ಕಿವಿಯಮ್ಮ ಹೆಡ್‌ಫೋನು ಕಿತ್ತು ಉಗ್ರಾಣಕ್ಕೆ ಓಡಿದಳು. ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ರಟ್ಟಿನ ಪುಸ್ತಕ ಮುಚ್ಚಿತ್ತು.

"ಏನಾಯ್ತು ಅಪ್ಪ? ಮರೆತ್ರಾ?"

"ಮರೆಯೋದೇ?" ಅಪ್ಪ ತಲೆಯೆತ್ತಿದರು. ಆ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಕೆನ್ನೆಯ ಮೂಳೆ ಬಿಗಿದು, ಕಣ್ಣು ಕೆಂಪಾಗಿ, ತನಗಿಂತ ನೂರು ಪಾಲು ಸಿಟ್ಟು ಅಲ್ಲಿ ಕುದಿಯುತ್ತಿತ್ತು. "ಉಳಿದದ್ದೆಲ್ಲ ಕೊಟ್ಟೆ. ಆ ಒಂದು ಮಾತು ಅವನಿಗೆ ಕೊಡೋಕೆ ಮನಸ್ಸು ಬರಲಿಲ್ಲ. ನಾನು ಬಾಯಿ ಮುಚ್ಚಿದ್ದನ್ನೂ ಅವನದೇ ಮಾಡ್ಕೊಂಡ್ರಲ್ಲ! ಕೇಳಿಸ್ತಲ್ಲ ಚಪ್ಪಾಳೆ?"

ಹೊರಗಿನಿಂದ ನಿರ್ದೇಶಕಿ ಕೂಗಿದಳು: "ಕಿವಿ, ಬೇಗ ಬಾ! ರೂಮ್ ಟೋನ್ ತಗೊಂಡ್ಬಿಡು, ಸರ್‌ನ ಬಿಡಬೇಕು!"

ಧ್ವನಿ ಹಿಡಿಯುವವರ ಪದ್ಧತಿ ಅದು. ದೃಶ್ಯ ಮುಗಿದ ಮೇಲೆ, ಅದೇ ಕೋಣೆಯಲ್ಲಿ ಅದೇ ಜನ ಇದ್ದಲ್ಲೇ ಇರಬೇಕು. ಒಂದು ನಿಮಿಷ ಬರೀ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಬೇಕು. ತುಂಡು ತುಂಡು ಮಾತುಗಳ ನಡುವಿನ ಸಂದಿಗೆ ಆಮೇಲೆ ಅದನ್ನೇ ತುಂಬುವುದು. ಆ ಒಂದು ನಿಮಿಷ ಯಾರೂ ಅಲ್ಲಾಡುವಂತಿಲ್ಲ, ಕೆಮ್ಮುವಂತಿಲ್ಲ. ಅವಳು ಕಟ್ ಅನ್ನುವವರೆಗೆ ನಿರ್ದೇಶಕಿಯೂ ಮಾತಾಡುವಂತಿಲ್ಲ.

ಅವಳು ಬಾಗಿಲಲ್ಲಿ ತಿರುಗಿ ನಿಂತಳು.

"ಬನ್ನಿ ಅಪ್ಪ."

"ಎಲ್ಲಿಗೆ?"

"ಬನ್ನಿ ಅಂದೆ. ನನ್ನ ಹಿಂದೇನೇ ಬನ್ನಿ, ಸದ್ದು ಮಾಡ್ದೆ."

ಅಪ್ಪ ಅರ್ಥವಾಗದೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದರು. ಅರ್ಥವಾದಾಗ ಹೊಸ್ತಿಲ ಹತ್ತಿರ ತಡೆದು ನಿಂತರು. "ಚಪ್ಪಲಿ ಇಲ್ಲೇ ಬಿಡ್ಲಾ?" ಎಂದು ಪಿಸುಗುಟ್ಟಿದರು.

ಅವಳು ಸ್ಟೂಲಿನ ಮೇಲೆ ಕೂತು ಹೆಡ್‌ಫೋನು ಹಾಕಿಕೊಂಡಳು. ದೊಡ್ಡೋರು ಮೇಜಿನಿಂದೆದ್ದು ಗೋಡೆಯ ಪಕ್ಕ ಮ್ಯಾನೇಜರನ ಜೊತೆ ನಿಂತಿದ್ದರು. ಅವರ ಅಂಗಿಯ ಮೈಕು ಇನ್ನೂ ತೆಗೆದಿರಲಿಲ್ಲ; ಕಿವಿಯ ಸ್ಪೀಕರೂ ಹಾಗೇ ಇತ್ತು.

"ರೂಮ್ ಟೋನ್. ಊಟದ ಮೇಜು," ಎಂದು ಅವಳು ಗಟ್ಟಿಯಾಗಿ ಹೇಳಿದಳು. "ಯಾರೂ ಅಲ್ಲಾಡಬೇಡಿ. ನಾನು ಹೇಳೋವರೆಗೂ."

ಎಲ್ಲರೂ ಇದ್ದಲ್ಲೇ ನಿಂತರು. ಅಣ್ಣ ಕರ್ಚೀಫು ಮೂಗಿನ ಹತ್ತಿರ ಹಿಡಿದೇ ಕಲ್ಲಾದ. ಅವಳು ಮುದ್ರಣದ ಗುಂಡಿ ಒತ್ತಿ, ಬಾಗಿಲ ಕಡೆ ತಲೆಯಾಡಿಸಿದಳು.

ಅಪ್ಪ ಬರಿಗಾಲಲ್ಲಿ, ಗುಂಡಿಯ ಹತ್ತಿರದ ಮೈಕು ಸಮೇತ, ಒಳಗೆ ಬಂದರು. ನಿರ್ದೇಶಕಿಯ ಬಾಯಿ ತೆರೆಯಿತು. ಕಿವಿಯಮ್ಮ ಅವಳತ್ತ ತೋರುಬೆರಳು ಚಾಚಿದಳು. ಬಾಯಿ ಮುಚ್ಚಿತು. ಅಪ್ಪ ಖಾಲಿಯಿದ್ದ ಕುರ್ಚಿಯನ್ನು ಎಳೆಯದೆ, ಎತ್ತಿ ಸರಿಸಿ, ಕೂತರು. ಮುಂದೆ ದೊಡ್ಡೋರು ಬೀಳಿಸಿದ ತುತ್ತು ತಟ್ಟೆಯಲ್ಲಿತ್ತು. ಮಗಳ ಪಾತ್ರದ ಹುಡುಗಿ ಎದುರಿಗೇ ಕೂತಿದ್ದಳು. ಅಪ್ಪ ಅವಳನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿದರು. ಬಲಗಿವಿಯಲ್ಲಿ ಉಸಿರು ಒಳಗೆ ಹೋಯಿತು.

"ನೀನು ಬಿಟ್ಟು ಹೋಗಲಿಲ್ಲಮ್ಮ," ಅಂದರು.

ಎಡಗಿವಿಯಲ್ಲಿ, ಅರ್ಧ ಸೆಕೆಂಡು ಬಿಟ್ಟು, ಪಿಸುದನಿಯೊಂದು ಕೇಳಿತು: "ನೀನು ಬಿಟ್ಟು ಹೋಗಲಿಲ್ಲಮ್ಮ."

ಕಿವಿಯಮ್ಮ ತಲೆಯೆತ್ತಿದಳು. ಗೋಡೆಗೆ ಒರಗಿ ನಿಂತ ದೊಡ್ಡೋರ ತುಟಿ ತಾನಾಗಿ ಚಲಿಸುತ್ತಿತ್ತು. ತುಟಿ ಬಿಗಿಹಿಡಿಯಲು ನೋಡಿದರು, ಆಗಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಒಮ್ಮೆ ಅಪ್ಪನ ಬಾಯಿ, ಒಮ್ಮೆ ಅವರ ಬಾಯಿ ನೋಡುತ್ತಿದ್ದರು. ಬೇರೆ ಕಡೆ ತಿರುಗಿದರೆ ಬಟ್ಟೆ ಸದ್ದಾಗುತ್ತದೆಂದು ತಿರುಗುವಂತೆಯೂ ಇರಲಿಲ್ಲ.

"ಬಾಗಿಲು ಹಾಕಿದ್ದು," ಅಂದರು ಅಪ್ಪ, ಗಟ್ಟಿಯಾಗಿ, ತುಂಬು ಗಂಟಲಿನಲ್ಲಿ, ಈಗ ದೊಡ್ಡೋರನ್ನೇ ದುರುಗುಟ್ಟಿ ನೋಡುತ್ತ, "ನಾನು."

"ನಾನು," ಎಂದಿತು ಎಡಗಿವಿ.

ನಿರ್ದೇಶಕಿ ಕಣ್ಣಲ್ಲೇ ಅಂಗಲಾಚಿದಳು. ಕಿವಿಯಮ್ಮ ಯಂತ್ರ ನೋಡಿದಳು. ಒಂದು ನಿಮಿಷ ಎಂದೋ ದಾಟಿತ್ತು. ಅವಳು ಕಟ್ ಅನ್ನಲಿಲ್ಲ. ಅಪ್ಪ ಎದ್ದು, ಕುರ್ಚಿಯನ್ನು ಎತ್ತಿ ಇದ್ದ ಜಾಗಕ್ಕೆ ಇಟ್ಟು, ಹೋಗಿ, ಹೊರಗೆ ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿಳಿದ ಸದ್ದು ಪೂರ್ತಿ ನಿಲ್ಲುವವರೆಗೆ ಹದಿನಾಲ್ಕು ಜನರನ್ನೂ ದೊಡ್ಡೋರನ್ನೂ ಮ್ಯಾನೇಜರನನ್ನೂ ಹಾಗೇ ನಿಲ್ಲಿಸಿದಳು.

"ಕಟ್."

ದೊಡ್ಡೋರು ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಮ್ಯಾನೇಜರ್ ಕೆಂಪಗಾಗಿ ಅವಳ ಮೇಲೆ ಬಂದ. "ಮೇಡಂ, ಅದನ್ನ ಈಗಲೇ ಅಳಿಸಿ. ಈಗಲೇ!"

"ಅದು ರೂಮ್ ಟೋನ್. ಅಳಿಸಿದ್ರೆ ಆ ಎಂಟು ನಿಮಿಷದ ಧ್ವನಿ ಸರಿಮಾಡೋಕಾಗಲ್ಲ. ಬೇಕಾದ್ರೆ ಇವಳನ್ನ ಕೇಳಿ."

ಮ್ಯಾನೇಜರ್ ನಿರ್ದೇಶಕಿಯ ಕಡೆ ತಿರುಗಿದ. ನಿರ್ದೇಶಕಿ ಈ ಸಲ ನೆಲ ನೋಡಲಿಲ್ಲ. ಅವಳ ಉತ್ತರಕ್ಕೆ ಕಿವಿಯಮ್ಮ ಕಾಯಲಿಲ್ಲ. ಮೆಮೊರಿ ಕಾರ್ಡನ್ನು ಯಂತ್ರದಿಂದ ತೆಗೆದು ಜೇಬಿಗಿಳಿಸಿ, ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಕೀಲಿಕೈ ಎತ್ತಿಕೊಂಡು, ಸ್ವಿಚ್ಚು ಹಾಕಿದಳು. ಫ್ರಿಜ್ಜು ಗುರುಗುಟ್ಟತೊಡಗಿತು. ಗೇಟಿನ ಹತ್ತಿರ ಅಪ್ಪ ರಟ್ಟಿನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಸ್ಕೂಟರಿಗೆ ಕಾಯುತ್ತಿದ್ದರು.